ಮೊದಲ ಟ್ರ್ಯಾಕ್ ಡೇಗೆ ಯಾವ ಕಾರು, ಎಷ್ಟು ತಯಾರಿ: ನಾಲ್ಕು ದಾರಿಗಳ ಲೆಕ್ಕಾಚಾರ

ಟ್ರ್ಯಾಕ್ ಡೇಗೆ ಹೆಸರು ಕೊಟ್ಟಾಯಿತು, ದಿನವೂ ಗೊತ್ತಾಯಿತು. ತಲೆಬಿಸಿ ಶುರುವಾಗುವುದೇ ಅಲ್ಲಿಂದ. ಒಬ್ಬ ಗೆಳೆಯ ‘ಸರ್ವೀಸ್ ಆಗಿದೆಯಲ್ಲ, ಸುಮ್ಮನೆ ಹೋಗು’ ಎನ್ನುತ್ತಾನೆ. ಇನ್ನೊಬ್ಬ ‘ಸೆಮಿ-ಸ್ಲಿಕ್ (ಕಾಲುವೆ ಕಡಿಮೆ, ಹಿಡಿತ ಹೆಚ್ಚು) ಟೈರು ಹಾಕದೆ ಹೋದರೆ ಮಜಾನೇ ಇಲ್ಲ’ ಎನ್ನುತ್ತಾನೆ. ಮೆಕ್ಯಾನಿಕ್ ಸಸ್ಪೆನ್ಷನ್ ಕಡೆ ಬೆರಳು ತೋರಿಸುತ್ತಾನೆ. ವಿಡಿಯೊಗಳಲ್ಲಿ ಬಕೆಟ್ ಸೀಟು, ನಾಲ್ಕು ಪಟ್ಟಿಯ ಬೆಲ್ಟು, ಗುಡುಗುವ ಎಕ್ಸಾಸ್ಟು. ಮನೆಯವರು ಮಾತ್ರ ‘ಸೋಮವಾರ ಅದೇ ಕಾರಲ್ಲಿ ಕೆಲಸಕ್ಕೆ ಹೋಗಬೇಕು, ನೆನಪಿರಲಿ’ ಎನ್ನುತ್ತಾರೆ. ಇಷ್ಟು ಜನರಲ್ಲಿ ವಿಷಯದ ಬುಡ ಹಿಡಿದು ಮಾತಾಡುತ್ತಿರುವವರು ಮನೆಯವರೇ ಎಂಬುದು ನನ್ನ ಅಭಿಪ್ರಾಯ.

ಟ್ರ್ಯಾಕ್ ಡೇ ಎಂದರೆ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಲು ಸಾಮಾನ್ಯ ಚಾಲಕರಿಗೆ ಸಿಗುವ ದಿನ, ರೇಸ್ ಅಲ್ಲ. ಇಲ್ಲಿ ಯಾರೂ ಗೆಲ್ಲುವುದಿಲ್ಲ. ಎಷ್ಟೋ ಕಡೆ ಲ್ಯಾಪ್ ಟೈಮ್ ಅಳೆಯುವುದಕ್ಕೂ ಬಿಡುವುದಿಲ್ಲ. ಸಾಮಾನ್ಯವಾಗಿ 15–20 ನಿಮಿಷದ ಸೆಷನ್‌ಗಳು, ಹೊಸಬರಿಗೆ ಪ್ರತ್ಯೇಕ ಗುಂಪು, ಓವರ್‌ಟೇಕ್ ಮಾಡಲು ಗೊತ್ತುಪಡಿಸಿದ ಜಾಗ. ನಾನಿಲ್ಲಿ ಹೇಳುತ್ತಿರುವುದು ತಾನೇ ಓಡಿಕೊಂಡು ಟ್ರ್ಯಾಕಿಗೆ ಹೋಗಿ, ತಾನೇ ಓಡಿಕೊಂಡು ಮನೆಗೆ ಮರಳಬೇಕಾದ ಕಾರಿನ ಬಗ್ಗೆ. ಟ್ರೇಲರ್ ಮೇಲೆ ಬರುವ ಕಾರುಗಳ ಲೆಕ್ಕವೇ ಬೇರೆ.

ನಿಮ್ಮ ಮುಂದಿರುವ ದಾರಿಗಳು ನಾಲ್ಕು. ಕಾರನ್ನು ಚೆನ್ನಾಗಿ ತಪಾಸಣೆ ಮಾಡಿಸಿ ಇದ್ದಂತೆಯೇ ಒಯ್ಯುವುದು. ಬ್ರೇಕಿಗೆ ಮಾತ್ರ ದುಡ್ಡು ಹಾಕಿ ಒಯ್ಯುವುದು. ಟೈರು, ಸಸ್ಪೆನ್ಷನ್, ಸೀಟು ಎಲ್ಲ ಬದಲಿಸಿ ಒಯ್ಯುವುದು. ನಿಮ್ಮ ಕಾರನ್ನು ಮನೆಯಲ್ಲೇ ಬಿಟ್ಟು ಬಾಡಿಗೆ ಕಾರಿನಲ್ಲೋ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೋ ಓಡಿಸುವುದು.

ಯಾವುದನ್ನು ನೋಡಿ ಆರಿಸುವುದು

ಎಲ್ಲಕ್ಕಿಂತ ಮೊದಲು ಬಿಸಿ. ರಸ್ತೆಯ ಕಾರು ಟ್ರ್ಯಾಕಿನಲ್ಲಿ ಕೈಕೊಡುವುದು ಎಂಜಿನ್ನಿನ ಶಕ್ತಿ ಸಾಲದೆ ಅಲ್ಲ, ಬಿಸಿ ತಾಳದೆ. ಸಣ್ಣದೊಂದು ಲೆಕ್ಕ ಮಾಡಿ ನೋಡಿ. ಓಡುವ ಕಾರಿನ ಶಕ್ತಿ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60 ಕಿ.ಮೀ. ವೇಗದಲ್ಲಿದ್ದವರು ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ 60ರ ವರ್ಗ, ಅಂದರೆ 3,600 ಪಾಲು ಶಕ್ತಿ ಬ್ರೇಕಿನಲ್ಲಿ ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳಿ. ಟ್ರ್ಯಾಕಿನ ನೇರ ದಾರಿಯ ಕೊನೆಗೆ 160ರಿಂದ 80ಕ್ಕೆ ಇಳಿಸಿದರೆ 25,600ರಲ್ಲಿ 6,400 ಕಳೆದು 19,200 ಪಾಲು. ಐದು ಪಟ್ಟಿಗೂ ಮಿಕ್ಕಿತು, ಅದೂ ಕಾರು ಇನ್ನೂ 80ರಲ್ಲಿ ಓಡುತ್ತಿರುವಾಗಲೇ. ಒಂದು ಲ್ಯಾಪಿನಲ್ಲಿ ಇಂಥದ್ದು ಹಲವು ಸಲ ಬರುತ್ತದೆ, ನಡುವೆ ತಣಿಯಲು ಪುರುಸೊತ್ತಿಲ್ಲ. ಹಾಗಾಗಿ ಪ್ರತಿ ದಾರಿಯನ್ನೂ ‘ಇಪ್ಪತ್ತು ನಿಮಿಷ ಈ ಬಿಸಿ ತಡೆಯುತ್ತದೆಯೇ’ ಎಂದು ಕೇಳಿಯೇ ನೋಡಬೇಕು.

ಎರಡನೆಯದು ಮನೆಯವರ ಮಾತು. ಟ್ರ್ಯಾಕಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಎಷ್ಟೋ ಬಿಡಿಭಾಗಗಳು ಬೆಳಗಿನ ತಣ್ಣನೆ ರಸ್ತೆಯಲ್ಲಿ, ಮಳೆಯಲ್ಲಿ, ಗುಂಡಿಯಲ್ಲಿ ಮೂಲ ಬಿಡಿಭಾಗಗಳಿಗಿಂತ ಕೆಟ್ಟದಾಗಿ ನಡೆದುಕೊಳ್ಳುತ್ತವೆ.

ಮೂರನೆಯದು ಕಲಿಕೆ. ಮೊದಲ ದಿನ ನಿಮಗೆ ಬೇಕಿರುವುದು ವೇಗ ಅಲ್ಲ. ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ತಿರುಗಿಸಬೇಕು, ಟೈರಿನ ಹಿಡಿತ ಮುಗಿಯುತ್ತ ಬಂದಾಗ ಸ್ಟೀರಿಂಗ್ ಹೇಗೆ ಹಗುರಾಗುತ್ತದೆ, ಇವೆಲ್ಲ ಕೈಗೆ ಗೊತ್ತಾಗಬೇಕು. ನಾಲ್ಕನೆಯದು ಸವೆತದ ಖರ್ಚು. ಅಂಗಡಿಯ ಬಿಲ್ಲಿಗಿಂತ ಇದೇ ದೊಡ್ಡದಾಗುವುದುಂಟು.

ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಕಾರು ಗೋಡೆಗೆ ಹೊಡೆದರೆ ಯಾರು ತುಂಬಿಕೊಡುತ್ತಾರೆ? ಸಾಮಾನ್ಯ ವಾಹನ ವಿಮೆಗಳಲ್ಲಿ ಟ್ರ್ಯಾಕಿನ ಓಟವನ್ನು ಹೊರಗಿಟ್ಟಿರುವುದೇ ಹೆಚ್ಚು. ‘ಸ್ಪರ್ಧೆ ಅಲ್ಲವಲ್ಲ’ ಎಂದು ವಾದಿಸಿ ಪ್ರಯೋಜನವಿಲ್ಲ. ಪಾಲಿಸಿಯಲ್ಲಿ ಸರ್ಕಿಟ್ ಅಥವಾ ಟ್ರ್ಯಾಕ್ ಎಂಬ ಪದ ಎಲ್ಲಿದೆ ಎಂದು ಓದಿ ನೋಡಿ. ಕಾರಿಗಾದ ಹಾನಿ ಮಾತ್ರವೂ ಅಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 20.8 ಕಿ.ಮೀ. ಉದ್ದದ ನಾರ್ಡ್‌ಶ್ಲೈಫೆಯನ್ನು ಸಾರ್ವಜನಿಕರಿಗೆ ಶುಲ್ಕಕ್ಕೆ ಬಿಡುತ್ತಾರೆ; ಅಲ್ಲಿ ಗಾರ್ಡ್‌ರೇಲಿಗೆ ಬಡಿದರೆ ಅದರ ದುರಸ್ತಿಯ ಬಿಲ್ಲೂ ಓಡಿಸಿದವರಿಗೇ ಬರುತ್ತದೆ. ಕೆಲವು ದೇಶಗಳಲ್ಲಿ ಒಂದು ದಿನದ ಮಟ್ಟಿಗೆ ಪ್ರತ್ಯೇಕ ಟ್ರ್ಯಾಕ್ ವಿಮೆ ಸಿಗುತ್ತದೆ. ಸಿಗದಿದ್ದರೆ ಕಾರಿನ ಪೂರ್ತಿ ಬೆಲೆ ನಿಮ್ಮ ತಲೆಯ ಮೇಲೆಯೇ ಇದೆ ಎಂದು ತಿಳಿದು ಮುಂದೆ ಓದಿ.

ಒಂದನೇ ದಾರಿ: ತಪಾಸಣೆ ಮಾಡಿಸಿ, ಇದ್ದಂತೆ

ಸುಮಾರು ಒಂದು ಟನ್ ತೂಗುವ, ಸಾಧಾರಣ ಎಂಜಿನ್ನಿನ ಪುಟ್ಟ ಹ್ಯಾಚ್‌ಬ್ಯಾಕ್ ನಿಮ್ಮದಾಗಿದ್ದರೆ ಇದು ಖಂಡಿತ ಆಗುವ ಮಾತು. ತೂಕ ಕಡಿಮೆ, ನೇರ ದಾರಿಯ ಕೊನೆಗೆ ಮುಟ್ಟುವ ವೇಗವೂ ಕಡಿಮೆ, ಅದಕ್ಕೆ ತಕ್ಕಂತೆ ಬಿಸಿಯೂ ಕಡಿಮೆ. ಹೊಸಬರ ಗುಂಪಿನಲ್ಲಿ ಪಕ್ಕದಲ್ಲಿ ತರಬೇತುದಾರರನ್ನು ಕೂರಿಸಿಕೊಂಡು ಓಡಿಸುವವರಿಗೆ ಇಂಥ ಕಾರಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಆದರೆ ‘ಇದ್ದಂತೆ’ ಎಂದರೆ ಬಂದಂತೆ ಅಲ್ಲ. ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಬೇಕು. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ ಎಂದರ್ಥ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಇದು ಸವೆತದ ಲೆಕ್ಕ ಮಾತ್ರ ಅಲ್ಲ. ತೆಳುವಾದ ಪ್ಯಾಡ್ ಬಿಸಿಯನ್ನು ತನ್ನನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೂ ಅದರ ಹಿಂದಿನ ಬ್ರೇಕ್ ಆಯಿಲ್‌ಗೂ ಬೇಗ ದಾಟಿಸುತ್ತದೆ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ಸರಿಯಾಗಿರಲಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೆ ಹೋಗಬಹುದು, ಆದ್ದರಿಂದ ಕಡಿಮೆ ಇರಬಾರದು. ಗೆರೆ ದಾಟಿಸಿ ತುಂಬಿಸಿದರೂ ತೊಂದರೆಯೇ. ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ಸೋರಿಕೆ ಎಲ್ಲೂ ಇರಕೂಡದು. ಟ್ರ್ಯಾಕಿನ ಮೇಲೆ ನೀವು ಚೆಲ್ಲಿದ ಆಯಿಲ್ ಹಿಂದೆ ಬರುವವರನ್ನು ಜಾರಿಸುತ್ತದೆ. ಬ್ಯಾಟರಿ ಅಲ್ಲಾಡದಂತೆ ಬಿಗಿದಿದೆಯೇ, ಟೋ ಹುಕ್ ಟೂಲ್‌ಕಿಟ್ಟಿನಲ್ಲೇ ಇದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಟೈರಿನ ದಪ್ಪ ಎಲ್ಲರೂ ನೋಡುತ್ತಾರೆ, ವಯಸ್ಸು ಯಾರೂ ನೋಡುವುದಿಲ್ಲ. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರಿನಲ್ಲಿ ಈ ಅಂಕಿಗಳು ಒಂದು ಪಕ್ಕಕ್ಕೆ ಮಾತ್ರ ಇರುತ್ತವೆ, ಕಾರಿನ ಕೆಳಗೆ ತಲೆ ಹಾಕಿ ಓದಬೇಕಾಗುತ್ತದೆ. ಆರೇಳು ವರ್ಷ ದಾಟಿದ, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುವ ಟೈರು ಹಳ್ಳ-ದಿಣ್ಣೆಯಿಲ್ಲದ ರಸ್ತೆಯಲ್ಲಿ ಇನ್ನೂ ಕೆಲವು ದಿನ ಓಡೀತು, ಟ್ರ್ಯಾಕಿಗೆ ಬೇಡ.

ಖರ್ಚು ಅತಿ ಕಡಿಮೆ, ಕಾರು ಮನೆಗೆ ಮರಳಿದಾಗ ಹೋದಂತೆಯೇ ಇರುತ್ತದೆ, ಕಲಿಕೆಗೆ ಪೂರ್ತಿ ಅಂಕ. ಬಿಸಿಯ ವಿಷಯದಲ್ಲಿ ಮಾತ್ರ ಈ ದಾರಿ ಒಂದು ಷರತ್ತಿನ ಮೇಲೆ ನಿಂತಿದೆ: ಬ್ರೇಕ್ ಆಯಿಲ್ ಹೊಸದಾಗಿರಬೇಕು. ಹಳೇ ಬ್ರೇಕ್ ಆಯಿಲ್‌ನಲ್ಲಿ ಟ್ರ್ಯಾಕಿಗೆ ಹೋಗುವುದನ್ನು ನಾನು ಆಯ್ಕೆ ಎಂದೇ ಎಣಿಸುವುದಿಲ್ಲ. ಅದು ಯಾಕೆ ಎನ್ನುವುದಕ್ಕೆ ಎರಡನೇ ದಾರಿಗೆ ಬರೋಣ.

ಎರಡನೇ ದಾರಿ: ದುಡ್ಡೆಲ್ಲ ಬ್ರೇಕಿಗೆ

ಬಹುಪಾಲು ಕಾರುಗಳಲ್ಲಿ ಬಳಸುವ ಬ್ರೇಕ್ ಆಯಿಲ್ ಗ್ಲೈಕಾಲ್ ಈಥರ್‌ನಿಂದ ಆದದ್ದು. ಹೀರುವುದೇ ಅದರ ಗುಣ. ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಎಳೆದುಕೊಳ್ಳುತ್ತಲೇ ಇರುತ್ತದೆ. ನೀರು ಸೇರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಅದಕ್ಕೇ ಪ್ರತಿ ದರ್ಜೆಗೂ ಎರಡು ಅಂಕಿ ಇರುತ್ತವೆ: ಡಬ್ಬಿ ಆಗಷ್ಟೇ ತೆರೆದಾಗಿನದು ಒಣ ಅಂಕಿ, 3.7 ಶೇಕಡಾ ನೀರು ಸೇರಿದ ಮೇಲಿನದು ಹಸಿ ಅಂಕಿ. ಡಾಟ್ 3ಕ್ಕೆ ಕನಿಷ್ಠ 205 ಮತ್ತು 140 ಡಿಗ್ರಿ ಸೆಲ್ಸಿಯಸ್, ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಎರಡು-ಮೂರು ವರ್ಷದಿಂದ ಮುಟ್ಟದ ಡಾಟ್ 4 ನಿಮ್ಮ ಕಾರಿನಲ್ಲಿದ್ದರೆ ನೀವು ನಂಬಬೇಕಾದದ್ದು 230 ಅಲ್ಲ, 155ರ ಕಡೆಗೆ ಜಾರುತ್ತಿರುವ ಯಾವುದೋ ಅಂಕಿ.

ರೇಸಿಂಗ್ ಬ್ರೇಕ್ ಆಯಿಲ್‌ಗಳು ಇದಕ್ಕಿಂತ ಬಹಳ ಮೇಲಿವೆ. ಮೋಟುಲ್‌ನ ಆರ್‌ಬಿಎಫ್ 600 ಒಣಗಿದ್ದಾಗ 312 ಡಿಗ್ರಿ, ಹಸಿಯಾದಾಗಲೂ 200 ಡಿಗ್ರಿಗಿಂತ ಹೆಚ್ಚು ತಾಳುತ್ತದೆ. ಕ್ಯಾಸ್ಟ್ರಾಲ್‌ನ ಎಸ್‌ಆರ್‌ಎಫ್‌ನ ಹಸಿ ಅಂಕಿಯೇ 270ರ ಆಸುಪಾಸಿನಲ್ಲಿದೆ, ಬೆಲೆಯೂ ಹಾಗೇ ಎತ್ತರದಲ್ಲಿದೆ. ಹಗುರ ಕಾರಿಗೆ ಹೊಸ ಡಾಟ್ 4 ಅಥವಾ 5.1 ಸಾಕು. ತೂಕದ ಕಾರಿಗೆ, ಟರ್ಬೊ ಕಾರಿಗೆ ರೇಸಿಂಗ್ ಆಯಿಲ್‌ನ ಒಂದು ಡಬ್ಬಿ ಹಾಕಿಸಿ. ಇಡೀ ತಯಾರಿಯಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಪ್ರಯೋಜನ ಕೊಡುವ ಖರ್ಚು ಇದೇ. ಅದನ್ನು ರಸ್ತೆಯ ಆಯಿಲ್‌ಗಿಂತ ಬೇಗ, ವರ್ಷಕ್ಕೊಮ್ಮೆಯಾದರೂ, ಬದಲಿಸಬೇಕಾಗುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಂಗಡಿಯಲ್ಲಿ ಡಾಟ್ 5 ಎಂದು ಬರೆದ ಡಬ್ಬಿ ಕೊಟ್ಟರೆ ತಗೊಳ್ಳಬೇಡಿ. ಅಂಕಿ ದೊಡ್ಡದಾದರೂ ಅದು ಸಿಲಿಕೋನ್‌ನಿಂದ ಆದದ್ದು. ಉಳಿದವುಗಳ ಜತೆ ಬೆರೆಯುವುದಿಲ್ಲ, ಎಬಿಎಸ್ ಇರುವ ಕಾರಿಗೆ ಹೊಂದುವುದೂ ಇಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ, ಯಾಕೆಂದರೆ ದುಡ್ಡು ಎಲ್ಲಿ ಹಾಕಬೇಕೆಂದು ಹೇಳುವುದು ಅದೇ. ಬ್ರೇಕ್ ಎರಡು ಬಗೆಯಲ್ಲಿ ಸೋಲುತ್ತದೆ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗಾಗಿ ಕಾಲ ಕೆಳಗೆ ಇಳಿಯುತ್ತ ಹೋಗುತ್ತದೆ, ಕೆಲವೊಮ್ಮೆ ನೆಲದವರೆಗೂ. ಇನ್ನೊಂದರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ನಿಲ್ಲಲೊಲ್ಲದು. ಸುಟ್ಟ ವಾಸನೆ ಬೇರೆ. ಅದು ಪ್ಯಾಡ್ ತನ್ನ ತಾಪಮಾನ ಮೀರಿದ್ದು. ಮೊದಲನೆಯದಕ್ಕೆ ಮದ್ದು ಆಯಿಲ್, ಎರಡನೆಯದಕ್ಕೆ ಪ್ಯಾಡ್. ಎರಡರಲ್ಲಿ ಯಾವುದು ಶುರುವಾದರೂ ಪಕ್ಕಕ್ಕೆ ಸರಿದು, ನಿಧಾನವಾಗಿ ಒಂದು ಲ್ಯಾಪ್ ತಣಿಸಿ ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬನ್ನಿ. ಆಮೇಲೆ ‘ಸರಿಹೋದಂತೆ’ ಅನ್ನಿಸಿದರೂ, ಕುದಿದ ಆಯಿಲ್ ಮೊದಲಿನಂತಾಗುವುದಿಲ್ಲ; ಬ್ಲೀಡ್ ಮಾಡಿಸದೆ, ಅಂದರೆ ಪೈಪಿನೊಳಗಿನ ಗುಳ್ಳೆ ಮತ್ತು ಕುದಿದ ಆಯಿಲ್ ಹೊರತೆಗೆಸದೆ, ಮತ್ತೆ ಟ್ರ್ಯಾಕಿಗಿಳಿಯಬೇಡಿ.

ಪ್ಯಾಡಿನಲ್ಲಿ ಮೂರು ಮೆಟ್ಟಿಲು. ಕಂಪನಿಯದು ತಣ್ಣಗಿದ್ದಾಗ ಮೊದಲ ಒತ್ತಿಗೇ ಕಚ್ಚುತ್ತದೆ, ಸದ್ದಿಲ್ಲ, ಧೂಳು ಕಡಿಮೆ, ಬಿಸಿ ತಾಳುವುದೂ ಕಡಿಮೆ. ನಡುವಿನವು ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಎಂದು ಮಾರುವವು. ಫೆರೋಡೊ ಡಿಎಸ್2500, ಇಬಿಸಿ ಯೆಲ್ಲೋಸ್ಟಫ್, ಹಾಕ್ ಎಚ್‌ಪಿ ಪ್ಲಸ್ ಈ ಸಾಲಿಗೆ ಬರುತ್ತವೆ. ಸ್ವಲ್ಪ ಕಿರಿಚುತ್ತವೆ, ಅಲಾಯ್ ಚಕ್ರ ಕಪ್ಪಾಗುತ್ತದೆ, ಡಿಸ್ಕ್ ತುಸು ಬೇಗ ಸವೆಯುತ್ತದೆ, ಆದರೆ ದಿನನಿತ್ಯಕ್ಕೆ ಒಗ್ಗುತ್ತವೆ. ಅಪ್ಪಟ ರೇಸ್ ಪ್ಯಾಡ್ ಮೂರನೆಯದು. ಅದು ಬಿಸಿಯಾಗದೆ ಕಚ್ಚುವುದಿಲ್ಲ. ಟ್ರ್ಯಾಕಿನ ಮೂರನೇ ಲ್ಯಾಪಿನಲ್ಲಿ ಅದ್ಭುತ. ಮರುದಿನ ಬೆಳಿಗ್ಗೆ ಗಲ್ಲಿಯ ತಿರುವಿನಲ್ಲಿ ಮಗು ಅಡ್ಡ ಓಡಿ ಬಂದಾಗ ಅಲ್ಲ. ಮೊದಲ ಟ್ರ್ಯಾಕ್ ಡೇಗೆ ರೇಸ್ ಪ್ಯಾಡ್ ಬೇಡ, ಚರ್ಚೆಯೇ ಬೇಡ. ನಡುವಿನ ಮೆಟ್ಟಿಲು ಸಾಕು, ಅದೂ ಮುಂದಿನ ಚಕ್ರಗಳಿಗೆ ಮೊದಲು. ಬ್ರೇಕ್ ಹಿಡಿದಾಗ ತೂಕವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಅಲ್ಲೇ ನಡೆಯುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದೆ ಎಂದು ಸಣ್ಣ ಕಾರಿನವರು ಚಿಂತೆ ಮಾಡಬೇಕಿಲ್ಲ.

ಹೊಸ ಪ್ಯಾಡನ್ನು ಹಿಂದಿನ ರಾತ್ರಿ ಹಾಕಿಸಿ ನೇರ ಟ್ರ್ಯಾಕಿಗೆ ಒಯ್ಯಬೇಡಿ. ತಯಾರಕರು ಹೇಳಿದ ಕ್ರಮದಲ್ಲಿ, ಸುರಕ್ಷಿತ ಜಾಗದಲ್ಲಿ, ವೇಗ ಏರಿಸಿ ಪೂರ್ತಿ ನಿಲ್ಲಿಸದೆ ಇಳಿಸುವುದನ್ನು ಹಲವು ಸಲ ಮಾಡಿ, ಆಮೇಲೆ ತಣಿಯಲು ಬಿಡಬೇಕು. ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮವಾಗಿ ಕೂರಲಿ ಎಂಬುದೇ ಉದ್ದೇಶ. ಅದು ಅಸಮವಾಗಿ ಅಂಟಿಕೊಂಡರೆ ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳುವ ಎಷ್ಟೋ ಪ್ರಕರಣಗಳ ಹಿಂದಿರುವುದು ಇದೇ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಬಿರುಕು ಶುರುವಾಗುವುದು ಆ ತೂತುಗಳ ಅಂಚಿನಿಂದಲೇ. ಸಾದಾ ಡಿಸ್ಕೇ ವಾಸಿ. ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪು, ದೊಡ್ಡ ಕ್ಯಾಲಿಪರ್ ಕಿಟ್ಟು ಇವೆಲ್ಲ ಮುಂದೆ ನೋಡಿಕೊಳ್ಳಬಹುದು. ಇರುವ ರಬ್ಬರ್ ಪೈಪು ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಮಾತ್ರ ಈಗಲೇ ಬದಲಿಸಿ.

ಆಯಿಲ್ ಮತ್ತು ಮುಂದಿನ ಪ್ಯಾಡು ಸೇರಿದರೂ ಖರ್ಚು ಒಳ್ಳೆಯ ಟೈರುಗಳ ಒಂದು ಸೆಟ್ಟಿಗಿಂತ ಕಡಿಮೆಯೇ. ಕಾರಿನ ನಡತೆ ಬದಲಾಗುವುದಿಲ್ಲ, ರಸ್ತೆಯಲ್ಲಿ ಕಿರಿಕಿರಿ ಅಷ್ಟಾಗಿ ಇಲ್ಲ. 1,300–1,400 ಕಿಲೊ ತೂಗುವ ಸೆಡಾನ್ ಇರುವವರಿಗೆ, ಟರ್ಬೊ ಹ್ಯಾಚ್‌ಬ್ಯಾಕಿನವರಿಗೆ, ವರ್ಷಕ್ಕೆ ಎರಡು-ಮೂರು ಸಲ ಹೋಗುವ ಆಸೆ ಇರುವವರಿಗೆ ನನ್ನ ಉತ್ತರ ಈ ದಾರಿಯೇ.

ಮೂರನೇ ದಾರಿ: ಟೈರು, ಸಸ್ಪೆನ್ಷನ್, ಸೀಟು

ಆಸೆ ಹುಟ್ಟಿಸುವುದು ಇದು. ಅದರಲ್ಲೂ ಟೈರು. ಅಮೆರಿಕದ ಪದ್ಧತಿಯಲ್ಲಿ ಟೈರಿನ ಗೋಡೆಯ ಮೇಲೆ ಟ್ರೆಡ್‌ವೇರ್ ಎಂಬ ಅಂಕಿ ಹಾಕಿರುತ್ತಾರೆ. ಕಡಿಮೆಯಿದ್ದಷ್ಟೂ ರಬ್ಬರ್ ಮೃದು, ಹಿಡಿತ ಹೆಚ್ಚು, ಆಯುಸ್ಸು ಕಡಿಮೆ. ತಯಾರಕರು ತಾವೇ ಕೊಟ್ಟುಕೊಳ್ಳುವ ಅಂಕಿಯಾದ್ದರಿಂದ ಎರಡು ಕಂಪನಿಗಳ ನಡುವೆ ಹೋಲಿಸುವಾಗ ಪೂರ್ತಿ ನಂಬುವಂತಿಲ್ಲ. ಸಾಧಾರಣ ರಸ್ತೆ ಟೈರಿನಲ್ಲಿ 400ಕ್ಕೂ ಮೇಲಿರಬಹುದು, ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ನಂಥ ವೇಗದ ರಸ್ತೆ ಟೈರಿನಲ್ಲಿ 300, ಟ್ರ್ಯಾಕ್ ಮನಸ್ಸಲ್ಲಿಟ್ಟು ಮಾಡಿದ ಯೊಕೊಹಾಮಾ ಎ052, ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಮುಂತಾದವುಗಳಲ್ಲಿ 200.

200ರ ಟೈರು ಹಾಕಿದರೆ ಲ್ಯಾಪಿನಲ್ಲಿ ಹಲವು ಸೆಕೆಂಡು ಉಳಿಯುವುದು ನಿಜ. ಆದರೆ ಹೊಸಬರಿಗೆ ಆ ಸೆಕೆಂಡುಗಳಿಂದ ಏನಾಗಬೇಕು? ಸಾದಾ ರಸ್ತೆ ಟೈರು ಮಿತಿ ಹತ್ತಿರವಾಗುತ್ತಿದ್ದಂತೆ ಕಿರುಚಿ ಹೇಳುತ್ತದೆ, ನಿಧಾನವಾಗಿ ಜಾರುತ್ತದೆ, ತಿದ್ದಿಕೊಳ್ಳಲು ಹೊತ್ತು ಕೊಡುತ್ತದೆ. ಹಿಡಿತದ ಟೈರಿನಲ್ಲಿ ಅದೇ ತಪ್ಪು ಹೆಚ್ಚಿನ ವೇಗದಲ್ಲಿ, ಕಡಿಮೆ ಮುನ್ಸೂಚನೆಯಲ್ಲಿ ನಡೆಯುತ್ತದೆ. ಜತೆಗೆ ಒಂದು ಸರಪಳಿ ಶುರುವಾಗುತ್ತದೆ: ಹಿಡಿತ ಹೆಚ್ಚಿದರೆ ತಿರುವಿನಿಂದ ಹೊರಬೀಳುವ ವೇಗ ಹೆಚ್ಚು, ಅದಕ್ಕೆ ಬ್ರೇಕಿನ ಬಿಸಿ ಹೆಚ್ಚು, ತಿರುವಿನಲ್ಲಿ ಪಕ್ಕದ ಎಳೆತ ಹೆಚ್ಚಿ ಸಂಪಿನ ಆಯಿಲ್ ಇನ್ನಷ್ಟು ಸರಿಯುತ್ತದೆ, ಬೇರಿಂಗಿಗೆ, ಬುಷ್‌ಗಳಿಗೆ ಕಂಪನಿ ಎಣಿಸದಿದ್ದ ಭಾರ. ಟೈರು ಬದಲಿಸಿದವರು ಕೊನೆಗೆ ಎಲ್ಲವನ್ನೂ ಬದಲಿಸುವುದು ಹೀಗೆ. ದಾರಿಯಲ್ಲಿ ಜೋರು ಮಳೆ ಬಂದರೆ ಕಾಲುವೆ ಕಡಿಮೆಯಿರುವ ಈ ಟೈರುಗಳು ನೀರಿನ ಮೇಲೆ ತೇಲಿ ಹೋಗುತ್ತವೆ ಎಂಬುದು ಬೇರೆ.

ಸಸ್ಪೆನ್ಷನ್ನಿನಲ್ಲಿ ನನಗೆ ಬೆಲೆಯುಳ್ಳದ್ದು ಅನ್ನಿಸುವುದು ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಅಲ್ಲ, ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್. ರಸ್ತೆ ಕಾರುಗಳಿಗೆ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವ ಕೋನ, ತೀರಾ ಕಡಿಮೆ ಇರುತ್ತದೆ, ಹಾಗಾಗಿ ತಿರುವಿನಲ್ಲಿ ಕಾರು ವಾಲಿದಾಗ ಮುಂದಿನ ಟೈರು ಹೊರ ಅಂಚಿನ ಮೇಲೆ ಕೂತು ಅಲ್ಲೇ ಸವೆಯುತ್ತದೆ. ನಿಮ್ಮ ಕಾರಿನಲ್ಲಿ ಹೊಂದಿಸಲು ಆಸ್ಪದವಿದ್ದರೆ ಒಂದು ಡಿಗ್ರಿಯಷ್ಟು ಹೆಚ್ಚಿಸಿದರೂ ಟೈರು ಉಳಿಯುತ್ತದೆ. ಅದೂ ಮೊದಲ ದಿನ ಮುಗಿಸಿ, ಸವೆತ ನೋಡಿದ ಮೇಲೆ.

ಬಕೆಟ್ ಸೀಟು ಮತ್ತು ನಾಲ್ಕು ಪಟ್ಟಿಯ ಹಾರ್ನೆಸ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಕಂಪನಿ ಕೊಟ್ಟ ಮೂರು ಬಿಂದುವಿನ ಬೆಲ್ಟು, ಅಪಘಾತದ ಕ್ಷಣದಲ್ಲಿ ಅದನ್ನು ಬಿಗಿಮಾಡುವ ಪ್ರಿಟೆನ್ಷನರ್, ಏರ್‌ಬ್ಯಾಗ್, ಸೀಟು ಇವೆಲ್ಲ ಒಟ್ಟಿಗೆ ಕೆಲಸ ಮಾಡುವಂತೆ ಪರೀಕ್ಷೆಗೊಳಪಟ್ಟವು. ಅದರಲ್ಲಿ ಒಂದನ್ನು ಕಿತ್ತು ಹಿಂದಿನ ಸೀಟಿನ ಕೊಂಡಿಗೆ ಹಾರ್ನೆಸ್ ಬಿಗಿದರೆ ರೇಸ್ ಕಾರಿನ ಸುರಕ್ಷತೆ ಬರುವುದಿಲ್ಲ. ಕಾಲುಗಳ ನಡುವಿನ ಪಟ್ಟಿ ಇಲ್ಲದಿದ್ದರೆ ಅಪಘಾತದಲ್ಲಿ ದೇಹ ಬೆಲ್ಟಿನ ಕೆಳಗೆ ಜಾರಬಹುದು. ರೋಲ್ ಕೇಜ್ (ಕಾರಿನೊಳಗಿನ ಕಬ್ಬಿಣದ ಕಂಬಿಗಳ ಪಂಜರ) ಇಲ್ಲದ ಕಾರು ಮಗುಚಿ ಛಾವಣಿ ತಗ್ಗಿದರೆ, ಹಾರ್ನೆಸ್ ಕಟ್ಟಿಕೊಂಡವರು ಪಕ್ಕಕ್ಕೆ ಬಾಗಲೂ ಆಗದೆ ನೆಟ್ಟಗೆ ಕೂತಿರುತ್ತಾರೆ. ಕೇಜ್, ಸೀಟು, ಆರು ಪಟ್ಟಿ, ಕುತ್ತಿಗೆಯನ್ನು ಕಾಯುವ ಹ್ಯಾನ್ಸ್ ಸಾಧನ, ಇವೆಲ್ಲ ಸೇರಿದರೆ ಮಾತ್ರ ಅರ್ಥ. ಹಾಗೆ ಮಾಡಿದ ಕಾರು ರಸ್ತೆಗೆ ಅಪಾಯ, ಕೇಜಿನ ಕಂಬಿಗೆ ಹೆಲ್ಮೆಟ್ ಇಲ್ಲದ ತಲೆ ಬಡಿಯುತ್ತದೆ. ಸೀಟಿನಲ್ಲಿ ಜಾರುತ್ತೇನೆ ಎನ್ನುವವರು ಹೀಗೆ ಮಾಡಿ: ಸೀಟನ್ನು ತುಸು ಹಿಂದಕ್ಕೆ ಸರಿಸಿ, ಬೆಲ್ಟನ್ನು ಗಕ್ಕನೆ ಎಳೆದು ಲಾಕ್ ಆಗಿಸಿ, ಹಿಡಿದಂತೆಯೇ ಸೀಟನ್ನು ಮುಂದೆ ತನ್ನಿ. ಬೆಲ್ಟು ಮೈಗೆ ಬಿಗಿಯಾಗಿ ಕೂರುತ್ತದೆ, ಖರ್ಚು ಸೊನ್ನೆ.

ಎಕ್ಸಾಸ್ಟ್ ಬದಲಿಸಿದವರಿಗೆ ಒಂದು ಎಚ್ಚರಿಕೆ. ಬಹಳಷ್ಟು ಸರ್ಕಿಟ್‌ಗಳಲ್ಲಿ ಸದ್ದಿನ ಮಿತಿಯಿದೆ. ಪೈಪಿನ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೀಟರ್ ಹಿಡಿದು, ಎಂಜಿನ್ನನ್ನು ಗರಿಷ್ಠ ವೇಗದ ಮುಕ್ಕಾಲಿಗೆ ಏರಿಸಿ ಅಳೆಯುವುದು ರೂಢಿ. ಮೀರಿದರೆ ಗೇಟಿನಿಂದಲೇ ವಾಪಸು.

ಟ್ರ್ಯಾಕಿಗೆ ಒಯ್ಯುವುದು ಮನೆಯ ಎರಡನೇ ಕಾರಾಗಿದ್ದರೆ, ಆಗಲೇ ಕೆಲವು ಟ್ರ್ಯಾಕ್ ಡೇ ಮುಗಿಸಿದ್ದರೆ ಈ ದಾರಿ ಸರಿ. ಮೊದಲ ಸಲಕ್ಕೆ, ಇಷ್ಟು ದುಡ್ಡಿನ ಕಾಲು ಭಾಗವನ್ನು ಒಳ್ಳೆಯ ತರಬೇತುದಾರರಿಗೆ ಕೊಟ್ಟರೆ ಹೆಚ್ಚು ವೇಗವಾಗಿ ಓಡಿಸುತ್ತೀರಿ.

ನಾಲ್ಕನೇ ದಾರಿ: ಬೇರೆಯವರ ಕಾರು

ಇದನ್ನು ಸೋಲು ಎಂಬಂತೆ ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬ್ರೇಕು, ಟೈರು, ಸೀಟು ಎಲ್ಲ ತಯಾರಾಗಿರುವ ಕಾರು, ಪಕ್ಕದಲ್ಲಿ ಹೇಳಿಕೊಡುವವರು, ಸವೆತದ ಚಿಂತೆ ಇಲ್ಲ. ಬೆಲೆ ಕೇಳಿ ಗಾಬರಿಯಾಗುವ ಮೊದಲು ಸ್ವಂತ ಕಾರಿನ ನಿಜವಾದ ಲೆಕ್ಕ ಬರೆದು ನೋಡಿ: ಆಯಿಲ್, ಪ್ಯಾಡು, ಒಂದೇ ದಿನಕ್ಕೆ ಸವೆಯುವ ಟೈರು, ಇಂಧನ (ಟ್ರ್ಯಾಕಿನಲ್ಲಿ ಮೈಲೇಜು ರಸ್ತೆಯ ಅರ್ಧಕ್ಕಿಂತ ಕೆಳಗಿಳಿಯುವುದು ಸಾಮಾನ್ಯ), ಇದ್ದರೆ ಒಂದು ದಿನದ ವಿಮೆ. ಅಂತರ ಅಷ್ಟು ದೊಡ್ಡದಿಲ್ಲ ಎಂಬುದು ಕಾಣುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಸಾಲು ಹುಡುಕಿ: ಅಪಘಾತವಾದರೆ ನೀವು ಕೊಡಬೇಕಾದ ಗರಿಷ್ಠ ಮೊತ್ತ ಎಷ್ಟು, ಎಂಜಿನ್ ಅಥವಾ ಗೇರ್‌ಬಾಕ್ಸ್ ಹಾಳಾದರೆ ಅದೂ ಅದರಲ್ಲಿ ಸೇರಿದೆಯೇ. ಆ ಮೊತ್ತಕ್ಕೆ ಮಿತಿಯಿದ್ದರೆ, ಹಾನಿ ಯಾರು ತುಂಬಿಕೊಡುತ್ತಾರೆ ಎಂಬ ಐದನೇ ಅಳತೆಗೋಲಿನಲ್ಲಿ ಈ ದಾರಿಯನ್ನು ಮೀರಿಸುವುದು ಬೇರೊಂದಿಲ್ಲ.

ಕೊರತೆಯೂ ಇದೆ. ನಿಮ್ಮ ಸ್ವಂತ ಕಾರಿನ ಬಗ್ಗೆ ನೀವೇನೂ ಕಲಿಯುವುದಿಲ್ಲ, ಸೆಷನ್‌ಗಳು ಎಣಿಸಿ ಕೊಟ್ಟಷ್ಟೇ, ಬಾಡಿಗೆ ಕಾರಿನ ಸೆಟಪ್ಪಿಗೆ ಕೈ ಹೊಂದುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ.

ಸಾಲ ಇನ್ನೂ ತೀರದ ಕಾರು, ಮನೆಯಲ್ಲಿರುವ ಒಂದೇ ಕಾರು, ವಾರಂಟಿಯ ಷರತ್ತಿನಲ್ಲಿ ಟ್ರ್ಯಾಕ್ ಬಳಕೆಗೆ ಅವಕಾಶವಿಲ್ಲದ ಕಾರು ಇರುವವರು ಇದನ್ನೇ ಮೊದಲು ನೋಡಿ. ಎಸ್‌ಯುವಿ ಇರುವವರೂ ಅಷ್ಟೇ. ಎತ್ತರದ ಗಾಡಿಗಳನ್ನು, ರೋಲ್ ಬಾರ್ ಇಲ್ಲದ ಕನ್ವರ್ಟಿಬಲ್‌ಗಳನ್ನು ಅನೇಕ ಆಯೋಜಕರು ಒಳಗೇ ಬಿಡುವುದಿಲ್ಲ. ಸಿವಿಟಿ (ಮೆಟ್ಟಿಲುಗಳಿಲ್ಲದೆ ತಾನೇ ಬದಲಾಗುವ) ಗೇರ್‌ಬಾಕ್ಸ್ ಇದ್ದರೆ ಅದರ ಆಯಿಲ್ ಬಿಸಿಯೇರಿ ಕಾರು ತಾನೇ ಶಕ್ತಿ ತಗ್ಗಿಸಬಹುದು. ಎಲೆಕ್ಟ್ರಿಕ್ ಕಾರಿನವರ ಕತೆ ಸ್ವಲ್ಪ ಬೇರೆ. ಮೋಟಾರೇ ನಿಧಾನಿಸುವ ವ್ಯವಸ್ಥೆಯಿಂದ ಬ್ರೇಕಿಗೆ ನೆರವು ಸಿಗುತ್ತದೆ, ಆದರೆ ಬ್ಯಾಟರಿಯ ತೂಕ ಆ ನೆರವನ್ನು ನುಂಗುತ್ತದೆ. ಬ್ಯಾಟರಿ ತೀರಾ ಬಿಸಿಯಾದರೆ ಆ ನೆರವೂ ಕಡಿಮೆಯಾಗಿ ಭಾರವೆಲ್ಲ ಪ್ಯಾಡಿನ ಮೇಲೆ ಬೀಳುತ್ತದೆ. ಸೆಷನ್ನುಗಳ ನಡುವೆ ಚಾರ್ಜ್ ಮಾಡಲು ಅಲ್ಲಿ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಯಾವ ದಾರಿ ಹಿಡಿದರೂ

ಹೆಲ್ಮೆಟ್ ವಿಷಯದಲ್ಲೂ ಒಂದು ಆಯ್ಕೆಯಿದೆ. ಸ್ನೆಲ್ ಸಂಸ್ಥೆಯ ಎಂ ಗುರುತು ಬೈಕಿನದು, ಎಸ್ಎ ಗುರುತು ಕಾರಿನದು. ಎಸ್ಎಯಲ್ಲಿ ಒಳಗಿನ ಬಟ್ಟೆ ಬೆಂಕಿ ತಡೆಯುತ್ತದೆ, ಕೇಜಿನ ಕಂಬಿಗೆ ಬಡಿದಂತೆ ಪರೀಕ್ಷಿಸಿರುತ್ತಾರೆ. ಕೇಜಿಲ್ಲದ ರಸ್ತೆ ಕಾರಿಗೆ ಬೈಕ್ ಹೆಲ್ಮೆಟ್ಟನ್ನು ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಆಯೋಜಕರನ್ನು ಕೇಳಿಯೇ ಕೊಳ್ಳಿ. ಒಂದೇ ಸಲಕ್ಕಾದರೆ ಅಲ್ಲೇ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಮುಂದೆಯೂ ಹೋಗುವವರು ಎಸ್ಎ ಕೊಳ್ಳುವುದೇ ಲೇಸು. ಈ ಮಾನದಂಡ ಐದು ವರ್ಷಕ್ಕೊಮ್ಮೆ ಬದಲಾಗುವುದರಿಂದ ರಿಯಾಯಿತಿಯಲ್ಲಿ ಸಿಗುವ ಹಳೇ ವರ್ಷದ ಹೆಲ್ಮೆಟ್‌ಗೆ ಮರುಳಾಗಬೇಡಿ.

ಟ್ರ್ಯಾಕಿಗೆ ತಲುಪಿದ ಮೇಲೆ ಕಾರು ಖಾಲಿ ಮಾಡಿ. ನೀರಿನ ಬಾಟಲಿ, ಚಾಲಕನ ಕಾಲಡಿಯ ಮ್ಯಾಟು, ಡಿಕ್ಕಿಯ ಜ್ಯಾಕು ಯಾವುದೂ ಬೇಡ. ಬ್ರೇಕ್ ಪೆಡಲಿನ ಕೆಳಗೆ ಉರುಳಿದ ಬಾಟಲಿಯ ಮುಂದೆ ರೇಸಿಂಗ್ ಪ್ಯಾಡೂ ನಿಷ್ಪ್ರಯೋಜಕ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ, ಮೊದಲ ಸೆಷನ್ ಆಗಿ ತಣಿದ ಮೇಲೆ ಇನ್ನೊಮ್ಮೆ ನೋಡಿ.

ಟೈರಿನ ಗಾಳಿ 10 ಡಿಗ್ರಿ ಬಿಸಿಗೆ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಬೆಳಿಗ್ಗೆ 32 ಇದ್ದದ್ದು ಸೆಷನ್ ಮುಗಿಸಿ ಬಂದಾಗ 38–40 ತೋರಿಸಿದರೆ ಅಚ್ಚರಿಪಡಬೇಡಿ. ಪಿಟ್ಟಿಗೆ ಬಂದ ಕೂಡಲೇ ಅಳೆದು ಸ್ವಲ್ಪ ಸ್ವಲ್ಪವೇ ಇಳಿಸಿ. ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಟೈರೇ ಹೇಳುತ್ತದೆ. ಅಂಚಿನಿಂದ ಗೋಡೆಯ ಮೇಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಓಡಿಸಿ ಬನ್ನಿ. ಅಂಚಿನಲ್ಲಿ ಬಹಳಷ್ಟು ಟೈರುಗಳಿಗೆ ಪುಟ್ಟ ತ್ರಿಕೋನದ ಗುರುತಿರುತ್ತದೆ. ಸುಣ್ಣ ಅದರ ತುದಿಯವರೆಗೆ ಅಳಿಸಿದ್ದರೆ ಸರಿ, ಅದನ್ನೂ ದಾಟಿ ಗೋಡೆಯ ಮೇಲೆ ಅಳಿಸಿದ್ದರೆ ಗಾಳಿ ಕಡಿಮೆಯಾಗಿದೆ, ತ್ರಿಕೋನ ಮುಟ್ಟಿಯೇ ಇಲ್ಲದಿದ್ದರೆ ಹೆಚ್ಚಾಗಿದೆ. ಮನೆಗೆ ಹೊರಡುವ ಮುನ್ನ ಮತ್ತೆ ರಸ್ತೆಯ ಮಟ್ಟಕ್ಕೆ ತುಂಬಿಸಲು ಸಣ್ಣ ಪಂಪು ಜತೆಗಿರಲಿ.

ಪ್ರತಿ ಸೆಷನ್ನಿನ ಕೊನೆಯ ಲ್ಯಾಪ್ ಬ್ರೇಕ್ ಆದಷ್ಟೂ ಮುಟ್ಟದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಪೆಡಲ್ ಒತ್ತಿ ಹಿಡಿದು ನಿಲ್ಲಲೂ ಬೇಡಿ. ಕಾದ ಡಿಸ್ಕಿಗೆ ಪ್ಯಾಡು ಒಂದೇ ಕಡೆ ಅಂಟುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕಟ್ಟೆ ಇಡಿ.

ದಿನ ಮುಗಿದ ಮೇಲೆ ಮುಂದಿನ ಖರ್ಚು ಏನು ಎಂಬುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಪೆಡಲ್ ಮೆತ್ತಗಾಗಿತ್ತೇ? ರೇಸಿಂಗ್ ಆಯಿಲ್. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲಲಿಲ್ಲವೇ? ನಡುವಿನ ಮೆಟ್ಟಿಲಿನ ಪ್ಯಾಡು. ಮುಂದಿನ ಟೈರಿನ ಹೊರ ಅಂಚು ಮಾತ್ರ ಹರಿದಂತೆ ಸವೆದಿದೆಯೇ? ಅಲೈನ್‌ಮೆಂಟ್ ಅಂಗಡಿ. ತಿರುವಿನಲ್ಲಿ ಆಯಿಲ್ ದೀಪ ಮಿನುಗಿತೇ? ಸಂಪಿಗೆ ತಡೆಗೋಡೆ ಹಾಕಿಸುವವರೆಗೆ ಆ ಕಾರನ್ನು ಟ್ರ್ಯಾಕಿಗೆ ಒಯ್ಯಬೇಡಿ. ಇದರಲ್ಲಿ ಯಾವುದೂ ಆಗದೆ ಕಾರು ಚೆನ್ನಾಗಿಯೇ ಓಡಿತು, ಅದೇ ಬಗೆಯ ಕಾರಿನವರು ಮಾತ್ರ ನಿಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು ಎಂದಾದರೆ, ಆ ದುಡ್ಡನ್ನು ತರಬೇತುದಾರರ ಇನ್ನೊಂದು ಸೆಷನ್ನಿಗೆ ಇಟ್ಟುಕೊಳ್ಳಿ.